ಜಾಮ್ ಆದ ಡ್ರಮ್ ಬ್ರೇಕಿಗೆ ಪೆನೆಟ್ರೇಟಿಂಗ್ ಆಯಿಲ್: ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಪೆನೆಟ್ರೇಟಿಂಗ್ ಆಯಿಲ್, ಅಂದರೆ ಸಂದಿಗೆ ಇಳಿದು ತುಕ್ಕು ಬಿಡಿಸುವ ಈ ಸ್ಪ್ರೇ, ಒಳ್ಳೆಯ ಸಾಮಾನು. ನನ್ನ ಹಳೆಯ ವ್ಯಾನಿನ ಹಿಂದಿನ ಡ್ರಮ್ (ಚಕ್ರದ ಜೊತೆ ತಿರುಗುವ ಬ್ರೇಕಿನ ಬೋಗುಣಿ) ಬಿಚ್ಚುವಾಗಲೆಲ್ಲ ಇದು ಕೈಯಲ್ಲಿರಲೇಬೇಕು. ಆದರೆ ಹೊಡೆದ ತಕ್ಷಣ ಚಕ್ರ ತಿರುಗುತ್ತದೆ ಎಂದುಕೊಂಡು ಕೊಂಡರೆ ನಿರಾಸೆಯೇ ಗತಿ. ಡ್ರಮ್ ಬ್ರೇಕಿನಲ್ಲಿ ಎಣ್ಣೆ ಕೆಲಸ ಮಾಡುವ ಜಾಗಗಳು ಕೆಲವೇ. ಮಿಕ್ಕ ಕಡೆ ಅದು ದಂಡ, ಇನ್ನು ಕೆಲವು ಕಡೆ ಅಪಾಯ.

ನಮ್ಮ ವ್ಯಾನ್ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಒದ್ದೆಯಾದ ಬ್ರೇಕಿಗೆ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಎರಕದ ಕಬ್ಬಿಣದ ಡ್ರಮ್ ಒಳಗೆ ತುಕ್ಕು ಹಿಡಿದು, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂಗಳ ಮೇಲಿನ ಪದರ, ಅಂದರೆ ಲೈನಿಂಗ್, ಅದಕ್ಕೇ ಅಂಟಿಕೊಳ್ಳುತ್ತದೆ. ಆಗ ಕ್ಲಚ್ ಬಿಟ್ಟು ಜೋರಾಗಿ ಎಳೆಸಬೇಡಿ. ಲೈನಿಂಗ್ ಶೂ ಬಿಟ್ಟು ಕಿತ್ತು ಬರುವ ಸಾಧ್ಯತೆ ಇದೆ. ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಬಿಡದಿದ್ದರೆ ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹಿಂದೆ ಜಾಕ್ ಏರಿಸಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಕೈ ಹಾಕಬಾರದು. ಆಮೇಲೆ ಹ್ಯಾಂಡ್ ಬ್ರೇಕ್ ಬಿಟ್ಟು, ಗೇರ್ ನ್ಯೂಟ್ರಲ್‌ಗೆ ಹಾಕಿ.

ಕ್ಯಾನ್ ಮುಟ್ಟುವ ಮೊದಲು ಹಿಡಿದುಕೊಂಡಿರುವುದು ಯಾವುದು ಎಂದು ತಿಳಿಯಬೇಕು. ಹ್ಯಾಂಡ್ ಬ್ರೇಕ್ ಕೇಬಲ್ ಸಡಿಲ ಮಾಡಿದ ಕೂಡಲೇ ಚಕ್ರ ತಿರುಗಿತೇ? ಹಾಗಿದ್ದರೆ ಕೇಬಲ್ ತನ್ನ ಕವಚದೊಳಗೇ ತುಕ್ಕು ಹಿಡಿದಿದೆ. ಬ್ಲೀಡ್ ನಿಪ್ಪಲ್ (ಬ್ರೇಕ್ ಪೈಪಿನ ಗಾಳಿ ಹೊರಬಿಡುವ ಸಣ್ಣ ತಿರುಪು) ತುಸು ತೆರೆದಾಗ ಚಕ್ರ ಬಿಟ್ಟರೆ, ಪೈಪಿನಲ್ಲಿ ಒತ್ತಡ ಸಿಕ್ಕಿಹಾಕಿಕೊಂಡಿದೆ; ಒಳಗೆ ಊದಿಕೊಂಡ ರಬ್ಬರ್ ಹೋಸ್ ಇರಬಹುದು. ಎರಡಕ್ಕೂ ಬಗ್ಗದಿದ್ದರೆ ಚಕ್ರ ಕಳಚಿ ಡ್ರಮ್ ಬಿಚ್ಚಲೇಬೇಕು.

ಈ ಎಣ್ಣೆ ನಿಜವಾಗಿ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಮಾಡುವುದು ಡ್ರಮ್ಮಿನ ನಡುಭಾಗದಲ್ಲಿ. ಹಬ್ (ಚಕ್ರ ಕೂರುವ ನಡುಗುಂಭ) ಸುತ್ತ ಡ್ರಮ್ ಕೂತಿರುವ ಕಡೆ ಕೂದಲೆಳೆಯಷ್ಟು ಸಂದು ಇರುತ್ತದೆ, ಅದರ ತುಂಬ ತುಕ್ಕು. ಮೊದಲು ತಂತಿ ಬ್ರಷ್‌ನಿಂದ ಉಜ್ಜಿ. ಸಂದಿನ ಸುತ್ತ ಸ್ವಲ್ಪವೇ ಎಣ್ಣೆ ಬಿಡಿ, ಚಕ್ರದ ನಟ್ಟು ಕೂರುವ ಸ್ಟಡ್‌ಗಳ ನಡುವಿನ ಮುಖದ ಮೇಲೆ ಸುತ್ತಿಗೆಯಿಂದ ತಟ್ಟಿ, ಕಾಯಿರಿ. ಮತ್ತೆ ಸ್ವಲ್ಪ ಎಣ್ಣೆ, ಮತ್ತೆ ತಟ್ಟುವುದು. ತಟ್ಟಿದಾಗಿನ ಅದುರಿಗೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಸಂದಿನಿಂದ ಕಂದು ಬಣ್ಣದ ನೀರಿನಂಥದ್ದು ಒಸರುತ್ತದೆ. ಅದು ಕಂಡರೆ ನನಗೆ ಅರ್ಧ ಕೆಲಸ ಮುಗಿದ ಸಮಾಧಾನ. ರಾತ್ರಿಯಿಡೀ ಹಾಗೇ ಬಿಟ್ಟರೆ ಇನ್ನೂ ಒಳ್ಳೆಯದು. ಅಂಚಿಗೆ ಮಾತ್ರ ಹೊಡೆಯಬೇಡಿ, ಎರಕದ ಕಬ್ಬಿಣ ಚಕ್ಕೆ ಹಾರುತ್ತದೆ.

ಎಷ್ಟೋ ಡ್ರಮ್‌ಗಳ ಮುಖದಲ್ಲಿ ಥ್ರೆಡ್ (ಬೋಲ್ಟ್ ತಿರುಗಿಸುವ ಸುರುಳಿ ಗೆರೆ) ಇರುವ ಎರಡು ತೂತುಗಳಿರುತ್ತವೆ, ಸಾಮಾನ್ಯವಾಗಿ 8 ಮಿ.ಮೀ. ಬೋಲ್ಟಿನದು. ಎರಡರಲ್ಲೂ ಬೋಲ್ಟ್ ಹಾಕಿ ಒಂದೊಂದನ್ನೂ ಕಾಲು ಸುತ್ತಿನಂತೆ ಸಮನಾಗಿ ಬಿಗಿದರೆ ಡ್ರಮ್ ತಾನೇ ಹೊರಗೆ ತಳ್ಳಿಕೊಳ್ಳುತ್ತದೆ. ಈ ತೂತುಗಳಿಗೂ ಮೊದಲೇ ಎಣ್ಣೆ ಬಿಟ್ಟಿರಬೇಕು, ಇಲ್ಲದಿದ್ದರೆ ಥ್ರೆಡ್ ಹಾಳು.

ಇಷ್ಟೆಲ್ಲ ಮಾಡಿದ ಮೇಲೂ ಡ್ರಮ್ ಒಂದು ಬೆರಳಷ್ಟು ಬಂದು ನಿಂತುಬಿಡುವುದುಂಟು. ಆಗ ಎಣ್ಣೆ ಸುರಿದು ಏನೂ ಪ್ರಯೋಜನವಿಲ್ಲ. ಸವೆದ ಡ್ರಮ್ಮಿನ ಒಳ ಅಂಚಿನಲ್ಲಿ ಏಣು ಎದ್ದಿರುತ್ತದೆ, ಶೂಗಳು ಅದಕ್ಕೆ ಸಿಕ್ಕಿಕೊಂಡಿರುತ್ತವೆ. ಡ್ರಮ್ಮಿನ ಹಿಂಬದಿಯ ತಟ್ಟೆಯ ರಬ್ಬರ್ ಬಿರಡೆ ತೆಗೆದು, ಸ್ಕ್ರೂಡ್ರೈವರ್‌ನಿಂದ ಶೂಗಳ ಅಂತರ ಹೊಂದಿಸುವ ಅಡ್ಜಸ್ಟರಿನ ಹಲ್ಲುಚಕ್ರ ಹಿಂದಕ್ಕೆ ತಿರುಗಿಸಿ ಶೂಗಳನ್ನು ಒಳಕ್ಕೆ ಸರಿಸಬೇಕು. ಸ್ವಯಂ ಅಡ್ಜಸ್ಟರ್ ಇದ್ದರೆ ಅದರ ಲಿವರನ್ನು ಇನ್ನೊಂದು ಸಣ್ಣ ಸ್ಕ್ರೂಡ್ರೈವರ್‌ನಿಂದ ಎತ್ತಿ ಹಿಡಿಯಬೇಕು. ತಾಳ್ಮೆ ಬೇಡುವ ಕೆಲಸ ಇದು.

ಈಗ ಮುಖ್ಯವಾದ ಎಚ್ಚರಿಕೆ. ಅಂಟಿಕೊಂಡ ಶೂ ಬಿಡಲಿ ಎಂದು ಬಿರಡೆಯ ತೂತಿನಿಂದ ಒಳಗೆ ಸ್ಪ್ರೇ ಮಾಡಬೇಡಿ. ಲೈನಿಂಗ್ ಎಣ್ಣೆ ಹೀರಿದರೆ ಬ್ರೇಕ್ ಹಿಡಿಯುವುದಿಲ್ಲ, ಅಥವಾ ಒಂದು ಕಡೆಗೇ ಎಳೆಯುತ್ತದೆ. ಎಣ್ಣೆ ಕುಡಿದ ಶೂಗಳನ್ನು ತೊಳೆದು ಹಾಕುವ ಲೆಕ್ಕವಿಲ್ಲ, ಎರಡೂ ಕಡೆಯವನ್ನು ಬದಲಿಸಬೇಕು. ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಸೀಲ್‌ಗೂ ಪೆಟ್ರೋಲಿಯಂ ಎಣ್ಣೆ ಆಗದು, ಊದಿಕೊಳ್ಳುತ್ತದೆ. ಪಿಸ್ಟನ್ ಜಾಮ್ ಆಗಿದ್ದರೆ ಸಿಲಿಂಡರನ್ನೇ ಬದಲಿಸಿ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುವುದರಿಂದಲೇ ಒಳಗೆ ತುಕ್ಕು ಬರುವುದು. ಅದನ್ನು 2 ವರ್ಷಕ್ಕೊಮ್ಮೆ ಬದಲಿಸಬೇಕೆಂದು ಹೇಳುವುದು ಸುಮ್ನೆ ಅಲ್ಲ.

ಡ್ರಮ್ ಕೈಗೆ ಬಂದ ಮೇಲೆ ಧೂಳನ್ನು ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್‌ನಿಂದ ತೋಯಿಸಿ ಒರೆಸಿ. ಕ್ಲೀನರ್, ಎಣ್ಣೆ ಏನೇ ಹೊಡೆದಿದ್ದರೂ ಆ ಜಾಗಕ್ಕೆ ಬೆಂಕಿ ತೋರಿಸಬಾರದು. ಡ್ರಮ್ ಮೇಲೆ ಎರಕದಲ್ಲೇ ಬಂದಿರುವ ಗರಿಷ್ಠ ವ್ಯಾಸದ ಅಂಕಿ ನೋಡಿ. ಅದನ್ನು ದಾಟಿ ಸವೆದಿದ್ದರೆ ಗುಜರಿಗೆ ಹಾಕಿ.

ಎಲ್ಲರ ಹತ್ತಿರ ಇರುವ ಡಬ್ಲ್ಯೂಡಿ-40 ಸಾಕಲ್ವಾ ಎಂದು ಕೇಳಬಹುದು. 1953ರಲ್ಲಿ ಅದನ್ನು ತಯಾರಿಸಿದ್ದು ಲೋಹದಿಂದ ನೀರನ್ನು ದೂರವಿಟ್ಟು ತುಕ್ಕು ತಡೆಯುವುದಕ್ಕೆ. ಸಣ್ಣಪುಟ್ಟ ನಟ್ಟಿಗೆ ಸಾಕು. ವರ್ಷಗಳಿಂದ ಬಿಗಿದುಕೊಂಡ ಹಬ್ಬಿಗೆ ನಾನು ಪೆನೆಟ್ರೇಟಿಂಗ್ ಆಯಿಲನ್ನೇ ಹಿಡಿಯುತ್ತೇನೆ.

ನನ್ನ ಅಂಕ: ಡ್ರಮ್ ಮತ್ತು ಹಬ್ಬಿನ ನಡುವಿನ ತುಕ್ಕಿಗೆ ಐದಕ್ಕೆ ನಾಲ್ಕು. ಬ್ಲೀಡ್ ನಿಪ್ಪಲ್‌ಗೆ ಐದಕ್ಕೆ ಐದು, ಹಿಂದಿನ ದಿನವೇ ಹೊರಗಿನಿಂದ ಬಿಟ್ಟಿಟ್ಟರೆ ತುಂಡಾಗದೆ ತಿರುಗುತ್ತದೆ. ಹ್ಯಾಂಡ್ ಬ್ರೇಕ್ ಕೇಬಲ್‌ಗೆ ಎರಡೇ. ಒಂದಷ್ಟು ದಿನ ಸಲೀಸಾಗಿ ಓಡಾಡಿ ಮತ್ತೆ ಹಿಡಿದುಕೊಳ್ಳುತ್ತದೆ, ಹೊಸ ಕೇಬಲ್ ಹಾಕುವುದೇ ಮೇಲು. ಕೊಳ್ಳುವಾಗ ಸಣ್ಣ ನಳಿಗೆ ಮೂತಿಗೇ ಜೋಡಿಸಿರುವ ಕ್ಯಾನ್ ನೋಡಿ ಕೊಳ್ಳಿ. ನಳಿಗೆ ಇಲ್ಲದೆ ಸಿಂಪಡಿಸಿದರೆ ಅರ್ಧ ಎಣ್ಣೆ ಬೇಡದ ಜಾಗಕ್ಕೇ ಹೋಗುತ್ತದೆ.