500 ರೂಪಾಯಿಯ ಫ್ರೀಕ್ವೆನ್ಸಿ ಕೌಂಟರ್ ಕಿಟ್: ವರ್ಷಗಟ್ಟಲೆ ಬಳಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಒಂದು ಸ್ಟಾರ್ ಪೂರ್ತಿ ಇನ್‌ಪುಟ್ ಭಾಗದ ಲೆಕ್ಕಕ್ಕೆ.

ಕೊರೊನಾ ಗಲಾಟೆ ಮುಗಿದ ಮೇಲೆ ಆನ್‌ಲೈನ್‌ನಲ್ಲಿ ತರಿಸಿದ ಕಿಟ್ ಇದು. ಸಿಗ್ನಲ್ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ (ಅದೇ ಫ್ರೀಕ್ವೆನ್ಸಿ, ಲೆಕ್ಕ ಹರ್ಟ್ಜ್‌ನಲ್ಲಿ) ಎಂದು ಎಣಿಸಿ ತೋರಿಸುವ ಸಾಧನ. 500 ರೂಪಾಯಿ ಆಸುಪಾಸು ಆಗಿತ್ತು. ಪಿಕ್ 16ಎಫ್628ಎ ಚಿಪ್, 20 ಮೆಗಾಹರ್ಟ್ಜ್ ಕ್ರಿಸ್ಟಲ್ (ಚಿಪ್‌ಗೆ ತಾಳ ಕೊಡುವ ಕ್ವಾರ್ಟ್ಜ್ ಹರಳು), ಐದು ಅಂಕಿಯ ಕೆಂಪು ಡಿಸ್‌ಪ್ಲೇ. 1 ಹರ್ಟ್ಜ್‌ನಿಂದ 50 ಮೆಗಾಹರ್ಟ್ಜ್ ತನಕ ಅಳೆಯುತ್ತದೆ ಎಂದು ಬರೆದಿರುತ್ತಾರೆ. ಇದರ ಮೂಲ ಡಿಸೈನ್ ಜರ್ಮನಿಯ ಒಬ್ಬ ಹ್ಯಾಮ್ (ಹವ್ಯಾಸಿ ರೇಡಿಯೋ ಪ್ರೇಮಿ) ಮಾಡಿದ್ದು. ನಾನು ಇದನ್ನು ಹಳೇ ರೇಡಿಯೋ ರಿಪೇರಿಗೆ, ಕ್ರಿಸ್ಟಲ್ ಪರೀಕ್ಷೆಗೆ ಬಳಸುತ್ತೇನೆ.

ಜೋಡಣೆ ಒಂದು ಸಂಜೆಯ ಕೆಲಸ. ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಕಿಟ್ ಜೊತೆ ಬಂದ ಐಸಿ ಬೇಸ್ (ಚಿಪ್ ಕೂರುವ ಸಾಕೆಟ್) ಸಡಿಲ ಅನ್ನಿಸಿದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ನಲ್ಲಿ 18 ಪಿನ್‌ದು ಒಂದು ತಂದುಬಿಡಿ, ಚಿಲ್ಲರೆ ಕಾಸಿನ ಮಾಲು. ಚಿಪ್ ಕೂರಿಸುವ ಮೊದಲು ಬೇಸ್‌ನ 5ನೇ ಮತ್ತು 14ನೇ ಪಿನ್ ನಡುವೆ 5 ವೋಲ್ಟ್ ಬರುತ್ತಿದೆಯಾ ನೋಡಿ. ಬರದಿದ್ದರೆ ಅಲ್ಲೇ ನಿಲ್ಲಿಸಿ.

ಡಿಸ್‌ಪ್ಲೇ ಸರಿಯಾಗಿ ಬರದಿದ್ದರೆ ಗಾಬರಿ ಬೇಡ, ಅದೇ ಸುಳಿವು ಕೊಡುತ್ತದೆ. ಐದೂ ಅಂಕಿಯಲ್ಲಿ ಒಂದೇ ಗೆರೆ ಕಾಣೆಯಾಗಿದ್ದರೆ ಆ ಸೆಗ್ಮೆಂಟಿನ ರೆಸಿಸ್ಟರ್ ಅಥವಾ ಅದರ ಸೋಲ್ಡರ್ ನೋಡಿ. ಒಂದು ಅಂಕಿ ಪೂರ್ತಿ ಕತ್ತಲಾಗಿದ್ದರೆ ಆ ಅಂಕಿಯ ಲೈನು. ಒಂದೇ ಅಂಕಿ ಕಣ್ಣು ಕುಕ್ಕುವ ಹಾಗೆ ಉರಿದು ಉಳಿದವು ಸತ್ತಿದ್ದರೆ ಚಿಪ್ ಓಡುತ್ತಲೇ ಇಲ್ಲ. ಅಂಕಿಗಳನ್ನು ಒಂದೊಂದಾಗಿ ಬೇಗ ಬೇಗ ಹೊತ್ತಿಸಬೇಕಾದದ್ದು ಚಿಪ್. ಕ್ರಿಸ್ಟಲ್ ಕೊಡುವ ತಾಳ (ಕ್ಲಾಕ್) ನಿಂತರೆ ಆ ಸರದಿಯೂ ನಿಲ್ಲುತ್ತದೆ. ಆಗ 15, 16ನೇ ಪಿನ್‌ಗಳ ಬಳಿಯ ಕ್ರಿಸ್ಟಲ್, ಕೆಪಾಸಿಟರ್‌ಗಳಲ್ಲಿ ಡ್ರೈ ಸೋಲ್ಡರ್ (ಸರಿಯಾಗಿ ಅಂಟದ ಬೆಸುಗೆ) ಹುಡುಕಿ. ಚಿಪ್ ಸುಟ್ಟಿದೆ ಅಂತ ಹೊಸದು ತರಿಸುವವರು ಬಹಳ. ಸಾಮಾನ್ಯವಾಗಿ ಚಿಪ್ ಚೆನ್ನಾಗಿಯೇ ಇರುತ್ತದೆ.

ನಿಜವಾದ ತಲೆನೋವು ಆಮೇಲೆ ಶುರು. ಏನೂ ಜೋಡಿಸದೆಯೇ ಡಿಸ್‌ಪ್ಲೇಯಲ್ಲಿ ಅಂಕಿ ಕುಣಿಯುತ್ತಿರುತ್ತದೆ. ನನ್ನದರಲ್ಲಿ ಅದಕ್ಕೆ ಕಾರಣ ಮೊಬೈಲ್ ಚಾರ್ಜರ್ ಥರದ ಅಗ್ಗದ ಅಡಾಪ್ಟರ್. ಎಸ್‌ಪಿ ರೋಡ್ ಅಂಗಡಿಯವರು ಕೇಳಿದ ತಕ್ಷಣ ಹೇಳಿದ್ದು: "ಸಾರ್, ಭಾರ ಇರೋ ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ತಗೊಂಡು ಹೋಗಿ, ಸುಮ್ನೆ ಬೋರ್ಡ್ ಬಿಚ್ಚಬೇಡಿ." ತಂದೆ, ಅಂಕಿ ಸೊನ್ನೆಗೆ ಬಂತು. 9 ವೋಲ್ಟ್ ಬ್ಯಾಟರಿ ಹಾಕಿದರೂ ಸರಿಹೋಗುತ್ತದೆ, ಆದರೆ ಐದು ಅಂಕಿ ಉರಿಸುವಾಗ ಅದು ಬೇಗ ಖಾಲಿ.

ಎರಡನೆಯದು, ಇಲ್ಲದ್ದನ್ನೂ ಎಣಿಸುವ ಚಾಳಿ. ಕರೆಂಟ್ ಹೋದಾಗ ಮನೆ ಇನ್ವರ್ಟರ್ 50 ಹರ್ಟ್ಜ್ ಕೊಡುತ್ತಿದೆಯಾ ಎಂದು ನೋಡಲು ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಜೋಡಿಸಿದೆ. (ನೇರವಾಗಿ ಪ್ಲಗ್‌ಗೆ ಯಾವ ಕಾರಣಕ್ಕೂ ಜೋಡಿಸಬೇಡಿ.) ಒಮ್ಮೆ 50, ಒಮ್ಮೆ 100, ಒಮ್ಮೆ 137. ಇನ್ವರ್ಟರ್ ಕೆಟ್ಟಿಲ್ಲ. 50 ಹರ್ಟ್ಜ್ ಅಲೆ ನಿಧಾನವಾಗಿ ಏರುತ್ತದೆ, ಅದರ ಮೇಲೆ ಸಣ್ಣ ಸಣ್ಣ ಗಲೀಜು ಸವಾರಿ ಮಾಡುತ್ತದೆ. ಚಿಪ್‌ನ ಎಣಿಸುವ ಪಿನ್‌ನಲ್ಲಿ ಶ್ಮಿಟ್ ಟ್ರಿಗರ್ (ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸರ್ಕ್ಯೂಟ್) ಇದೆ ನಿಜ. ಆದರೆ ಅದರ ಮುಂದಿರುವ ಟ್ರಾನ್ಸಿಸ್ಟರ್ ಆ ಗಲೀಜನ್ನೂ ಹಿಗ್ಗಿಸಿ ಕೊಡುವುದರಿಂದ ಒಂದೇ ಅಲೆ ಎರಡು ಮೂರು ಸಲ ಎಣಿಕೆಯಾಗುತ್ತದೆ. 10 ಕಿಲೋ ಓಮ್ ರೆಸಿಸ್ಟರ್ ಸಾಲಾಗಿ, 10 ನ್ಯಾನೋ ಫ್ಯಾರಡ್ ಕೆಪಾಸಿಟರ್ ಗ್ರೌಂಡ್‌ಗೆ ಹಾಕಿದ ಮೇಲೆ 50ರಲ್ಲಿ ಗಟ್ಟಿಯಾಗಿ ನಿಂತಿತು. ಈ ಫಿಲ್ಟರ್ ಕಡಿಮೆ ಫ್ರೀಕ್ವೆನ್ಸಿಗೆ ಮಾತ್ರ, ರೇಡಿಯೋ ಕೆಲಸಕ್ಕೆ ತೆಗೆಯಬೇಕು. ಅದಕ್ಕೇ ನಾನು ಒಂದು ಸ್ವಿಚ್ ಇಟ್ಟಿದ್ದೇನೆ. ಇದನ್ನು ಕಿಟ್ ಮಾಡುವವರೇ ಇಡಬಹುದಿತ್ತು ಅಲ್ವಾ? ಕಡಿಮೆಯಾದ ಸ್ಟಾರ್ ಇದಕ್ಕೇ.

ರೇಡಿಯೋ ಕೆಲಸದಲ್ಲಿ ಮಾತ್ರ ಇದು ಬಂಗಾರ. ಆಕಾಶವಾಣಿ ಬೆಂಗಳೂರು ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಜ್. ಸ್ಟೇಷನ್ ಹಿಡಿಯಲು ಸೆಟ್‌ನೊಳಗೇ ಅಲೆ ಹುಟ್ಟಿಸುವ ಆಸಿಲೇಟರ್ ಅದಕ್ಕಿಂತ 455 ಜಾಸ್ತಿ, ಅಂದರೆ 1067ರಲ್ಲಿ ಓಡಬೇಕು. ಕೌಂಟರಿನ ಬಟನ್ ಒತ್ತಿ ಹಿಡಿದರೆ ಮೆನು ಬರುತ್ತದೆ. ಅದರ ಪಟ್ಟಿಯಲ್ಲಿ 455 ಮೊದಲೇ ಇದೆ. ಅದನ್ನು ಆರಿಸಿ ಕಳೆಯಲು ಹೇಳಿದರೆ ಡಿಸ್‌ಪ್ಲೇ ನೇರವಾಗಿ 612 ತೋರಿಸುತ್ತದೆ. ಡಯಲ್ ಮುಳ್ಳು ಎಲ್ಲೋ, ಸ್ಟೇಷನ್ ಇನ್ನೆಲ್ಲೋ ಇರುವ ಹಳೇ ಸೆಟ್‌ಗಳನ್ನು ಸರಿಮಾಡಲು ಇಷ್ಟು ಸಾಕು. ಒಂದೇ ಎಚ್ಚರ: ವೈರನ್ನು ಆಸಿಲೇಟರ್ ಕಾಯಿಲ್‌ಗೆ ನೇರವಾಗಿ ಜೋಡಿಸಿದರೆ ಆ ಭಾರಕ್ಕೇ ಸ್ಟೇಷನ್ ಜರುಗುತ್ತದೆ. ಕೆಲವೇ ಪಿಕೋ ಫ್ಯಾರಡ್‌ನ ಕೆಪಾಸಿಟರ್ ಮೂಲಕ ಕೊಡಿ.

ಕ್ರಿಸ್ಟಲ್ ಪರೀಕ್ಷೆಯ ಸಾಕೆಟ್ ಕೂಡ ಉಪಯೋಗಕ್ಕೆ ಬರುತ್ತದೆ. ಮೇಲೆ 27 ಎಂದು ಬರೆದ ಹಳೇ ರಿಮೋಟ್ ಆಟಿಕೆ ಕ್ರಿಸ್ಟಲ್ ಹಾಕಿದಾಗ 9ರ ಹತ್ತಿರ ತೋರಿಸಿದರೆ ಅದು ಕೆಟ್ಟಿಲ್ಲ. ಅಂಥವು ಮೂರನೇ ಓವರ್‌ಟೋನ್ ಕ್ರಿಸ್ಟಲ್‌ಗಳು (ಮೂಲ ಫ್ರೀಕ್ವೆನ್ಸಿಯ ಸುಮಾರು ಮೂರು ಪಟ್ಟಿನಲ್ಲಿ ಬಳಸುವಂಥವು), ಇಲ್ಲಿನ ಸರಳ ಸರ್ಕ್ಯೂಟಿನಲ್ಲಿ ಮೂಲ ಫ್ರೀಕ್ವೆನ್ಸಿಯಲ್ಲೇ ಮಿಡಿಯುತ್ತವೆ. ವಾಚಿನ 32,768 ಹರ್ಟ್ಜ್ ಕ್ರಿಸ್ಟಲ್ ನನ್ನ ಬೋರ್ಡಿನಲ್ಲಿ ಏಳಲೇ ಇಲ್ಲ.

ವಾಚ್ ಅಂದಾಗ ಹೇಳಬೇಕಾದ ಮುಖ್ಯ ಮಾತು ಒಂದಿದೆ. ಐದು ಅಂಕಿ ಕಾಣುತ್ತದೆ ಅಂತ ಐದು ಅಂಕಿಯನ್ನೂ ನಂಬಬೇಡಿ. ಮನೆಯ ಎಚ್‌ಎಂಟಿ ಕ್ವಾರ್ಟ್ಜ್ ವಾಚು ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ ಓಡುತ್ತದೆ ಎಂದು ಇದರಿಂದ ತಿಳಿಯೋಣ ಅಂದುಕೊಂಡರೆ ಆಗುವುದಿಲ್ಲ. 32,768ರಲ್ಲಿ ಒಂದು ಹರ್ಟ್ಜ್ ತಪ್ಪಿದರೂ ದಿನಕ್ಕೆ ಸುಮಾರು 2.6 ಸೆಕೆಂಡ್ ವ್ಯತ್ಯಾಸ. ಇದರ ಕೊನೆಯ ಅಂಕಿಯೇ ಒಂದು ಹರ್ಟ್ಜ್. ಕರೆಂಟ್ ವಿಷಯವೂ ಹಾಗೇ. ಗ್ರಿಡ್ ನಿಯಮದಲ್ಲಿ 49.90ರಿಂದ 50.05 ಹರ್ಟ್ಜ್ ಎಂದಿದೆ. ನಮ್ಮ ಕೌಂಟರ್‌ಗೆ ಅದೆಲ್ಲ ಬರೀ 50.

ಟ್ರಿಮ್ಮರ್ (ಕೌಂಟರಿನ ಕ್ರಿಸ್ಟಲ್ ಅನ್ನು ಸ್ವಲ್ಪ ಆಚೀಚೆ ಹೊಂದಿಸುವ ಸಣ್ಣ ಕೆಪಾಸಿಟರ್) ತಿರುಗಿಸಿ ಸರಿಮಾಡುವಾಗಲೂ ಇದು ನೆನಪಿರಲಿ. 10 ಮೆಗಾಹರ್ಟ್ಜ್ ಸಿಗ್ನಲ್ ಕೊಟ್ಟರೆ 10.000 ಎಂದು ತೋರಿಸುತ್ತದೆ, ಅಲ್ಲಿ ಕೊನೆಯ ಅಂಕಿ ಅಂದರೆ 1,000 ಹರ್ಟ್ಜ್. 8 ಮೆಗಾಹರ್ಟ್ಜ್ ಕೊಟ್ಟರೆ 8.0000, ಕೊನೆಯ ಅಂಕಿ 100 ಹರ್ಟ್ಜ್. ಎಂಟು ಪಟ್ಟು ಚೆನ್ನಾಗಿ ಹೊಂದಿಸಬಹುದು. ನಾನು ಬಾಲ್ಕನಿಯಲ್ಲಿ ಆಂಟೆನಾ ಇಟ್ಟು ನಿಯೋ-7ಎಂ ಜಿಪಿಎಸ್ ಮಾಡ್ಯೂಲ್‌ನಿಂದ 8 ಮೆಗಾಹರ್ಟ್ಜ್ ತೆಗೆದು ಹೊಂದಿಸಿದೆ. ಕೌಂಟರ್ ಅರ್ಧ ಗಂಟೆ ಉರಿದು ಬೆಚ್ಚಗಾದ ಮೇಲೆಯೇ ಟ್ರಿಮ್ಮರ್ ಮುಟ್ಟಿ. ನನ್ನದು ಏಪ್ರಿಲ್ ಮಧ್ಯಾಹ್ನಕ್ಕೂ ಡಿಸೆಂಬರ್ ಬೆಳಿಗ್ಗೆಗೂ ಕೊನೆಯ ಅಂಕಿಯಲ್ಲಿ ಸ್ವಲ್ಪ ಆಚೀಚೆ ಆಗುತ್ತದೆ. ಮಾಮೂಲಿ ಕ್ರಿಸ್ಟಲ್, ಅದಕ್ಕಿಂತ ಜಾಸ್ತಿ ಕೇಳಬಾರದು.

ಇಷ್ಟು ವರ್ಷದಲ್ಲಿ ಕೈಕೊಟ್ಟದ್ದು ಬಟನ್ ಒಂದೇ, ಬದಲಾಯಿಸಿದ್ದೇನೆ. ಡಿಸ್‌ಪ್ಲೇ ಮಂಕಾಗಿಲ್ಲ.

ಎಫ್‌ಎಂ ರಿಪೇರಿಗೆ ಅಂತ ಮಾತ್ರ ಕೊಳ್ಳಬೇಡಿ. 101.3ರ ಆಕಾಶವಾಣಿ ಎಫ್‌ಎಂ ರೇನ್‌ಬೋ ಹಿಡಿದ ಸೆಟ್‌ನ ಆಸಿಲೇಟರ್ ಸಾಮಾನ್ಯವಾಗಿ 10.7 ಮೇಲೆ, ಅಂದರೆ 112 ಮೆಗಾಹರ್ಟ್ಜ್‌ನಲ್ಲಿರುತ್ತದೆ. ಇದರ ಮಿತಿ 50. ಮುಂದೆ ಪ್ರೀಸ್ಕೇಲರ್ (ಫ್ರೀಕ್ವೆನ್ಸಿಯನ್ನು ಭಾಗಿಸಿ ಇಳಿಸಿ ಕೊಡುವ ಸರ್ಕ್ಯೂಟ್) ಹಾಕಲೇಬೇಕು. 10ರಿಂದ ಭಾಗಿಸುವಂಥದ್ದು ಸಿಕ್ಕರೆ ಓದೋದು ಸುಲಭ. 64ರದ್ದೇ ಸಿಕ್ಕರೆ ಪಕ್ಕದಲ್ಲಿ ಒಂದು ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ.