ಎಂಟ್ರಾ ಮೈ ಆಕ್ಸೆಸ್: ಟಿಕೆಟ್ ಹಾಕಿ ಕಾಯೋ ಕಾಟ ತಪ್ತು, ಆದ್ರೆ ಲಾಗ್ ನೋಡ್ಕೊಳ್ಳಿ

ಬೆಂಗಳೂರಲ್ಲಿ ಐಟಿ ಸಪೋರ್ಟ್ ಮಾಡೋರಿಗೆ ಈ ಕಥೆ ಗೊತ್ತೇ ಇರುತ್ತೆ. ಹೊಸಬ್ರಿಗೆ ಲ್ಯಾಪ್‌ಟಾಪ್ ಬೇಗ ಸಿಗುತ್ತೆ, ಪ್ರೊಡಕ್ಷನ್ ವಿಪಿಎನ್ (ಕಂಪನಿಯ ಅಸಲಿ ಸಿಸ್ಟಮ್‌ಗಳಿಗೆ ಸುರಕ್ಷಿತವಾಗಿ ಕನೆಕ್ಟ್ ಆಗೋ ದಾರಿ) ಗ್ರೂಪ್‌ಗೆ ಹೆಸರು ಸೇರ್ಸೋಕೆ ಮಾತ್ರ ಟಿಕೆಟ್ ಹಾಕು, ಮ್ಯಾನೇಜರ್ ಹಿಂದೆ ಬೀಳು, ಅವ್ರು ರಿಂಗ್ ರೋಡ್ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದ್ರೆ ಕಾಯಿ, ಆಮೇಲೆ ಸೆಕ್ಯುರಿಟಿ ಟೀಮ್‌ಗೆ "ಸಾರ್ ಸ್ವಲ್ಪ ನೋಡಿ" ಅಂತ ಗೋಗರಿ. ಈಗ ನಮ್ಮಲ್ಲಿ ಮೈಕ್ರೋಸಾಫ್ಟ್ ಎಂಟ್ರಾದ ಮೈ ಆಕ್ಸೆಸ್ ಪೋರ್ಟಲ್ ಹಾಕಿದಾರೆ, ಅಂದ್ರೆ ಬೇಕಾದ ಆಕ್ಸೆಸ್‌ನ ನಾವೇ ಕೇಳ್ಕೊಳ್ಳೋ ವೆಬ್‌ಸೈಟು. ಇದರ ಹಿಂದಿರೋ ಎಂಟ್ರಾ ಐಡಿ ಅಂದ್ರೆ ಬೇರೇನಲ್ಲ, 2023ರಲ್ಲಿ ಹೆಸರು ಬದಲಾಯ್ಸಿದ ಅದೇ ಅಜೂರ್ ಎಡಿ, ಕಂಪನಿಯವ್ರ ಲಾಗಿನ್ನು, ಗ್ರೂಪು ಎಲ್ಲಾ ನೋಡ್ಕೊಳ್ಳೋ ಮೈಕ್ರೋಸಾಫ್ಟ್ ಕ್ಲೌಡ್ ಸರ್ವಿಸ್ಸು.

ಬೇಕಾದ ಗ್ರೂಪು, ಆ್ಯಪು ಎಲ್ಲಾ ಸೇರ್ಸಿ ಅಡ್ಮಿನ್ ಒಂದು ಆಕ್ಸೆಸ್ ಪ್ಯಾಕೇಜ್ ಮಾಡಿಡ್ತಾರೆ, ನಾವೇ ಹೋಗಿ ರಿಕ್ವೆಸ್ಟ್ ಒತ್ತೋದು, ಯಾಕೆ ಬೇಕು ಅಂತ ಬರೆಯೋದು, ಮ್ಯಾನೇಜರ್ ಅಪ್ರೂವ್ ಮಾಡಿದ್ರೆ ಗ್ರೂಪಿಗೆ ತಾನೇ ಸೇರ್ಸುತ್ತೆ. ಅಪ್ರೂವಲ್ ಮೂರು ಹಂತದವರೆಗೂ ಇಡಬಹುದು. ಮ್ಯಾನೇಜರ್ ರಜೆ ಹಾಕಿದ್ರೆ ಅಂತ ಬದಲಿ ಅಪ್ರೂವರ್ ಇಡೋ ಆಪ್ಷನ್ ಇದೆ, ದಯವಿಟ್ಟು ಅದನ್ನ ಆನ್ ಮಾಡ್ಸಿ, ಇಲ್ಲಾಂದ್ರೆ ಕೊಟ್ಟ ಗಡುವು ಮುಗಿದ ತಕ್ಷಣ ರಿಕ್ವೆಸ್ಟ್ ರಿಜೆಕ್ಟ್ ಆಗಿ ಮತ್ತೆ ಮೊದಲಿಂದ ಶುರು. ಯಾಕೆ ಬೇಕು ಅನ್ನೋ ಬಾಕ್ಸಲ್ಲಿ ಜನ "ಕೆಲಸಕ್ಕೆ" ಅಂತ ಒಂದೇ ಪದ ಬರೀತಾರೆ, ಮ್ಯಾನೇಜರ್ರು ಫೋನಲ್ಲೇ ನೋಡ್ದೆ ಒತ್ತಿಬಿಡ್ತಾರೆ. ಅದಕ್ಕೆ ಯಾವ ಸಾಫ್ಟ್‌ವೇರೂ ಮದ್ದಲ್ಲ ಬಿಡಿ.

ನನಗೆ ನಿಜವಾಗ್ಲೂ ಇಷ್ಟ ಆಗಿದ್ದು ಆಕ್ಸೆಸ್ ಕೊಡೋದಕ್ಕಿಂತ ಕಿತ್ಕೊಳ್ಳೋದು. ದಿನದ ಲೆಕ್ಕದಲ್ಲೋ ಗಂಟೆ ಲೆಕ್ಕದಲ್ಲೋ ಎಕ್ಸ್‌ಪೈರಿ ಇಟ್ರೆ ಅವಧಿ ಮುಗಿದಾಗ ಅದೇ ತೆಗೆದುಹಾಕುತ್ತೆ, ಬೇಕಿದ್ರೆ ಎಕ್ಸ್‌ಟೆನ್ಶನ್ ಕೇಳಬೇಕು. ಹಳೇ ಪದ್ಧತೀಲಿ ಪ್ರಾಜೆಕ್ಟ್ ಬಿಟ್ಟು ಹೋದೋರ ಹೆಸರೂ ವಿಪಿಎನ್ ಗ್ರೂಪಲ್ಲಿ ಹಾಗೇ ಕೂತಿರ್ತಿತ್ತು, ಆಡಿಟ್ ಬಂದಾಗ್ಲೇ ಎಲ್ರಿಗೂ ಜ್ಞಾನೋದಯ.

ತೊಡಕು ಏನಂದ್ರೆ, ಆಫೀಸ್ ಸರ್ವರ್‌ನ ಹಳೇ ಆಕ್ಟಿವ್ ಡೈರೆಕ್ಟರಿಯಿಂದ (ಯೂಸರ್, ಗ್ರೂಪ್‌ಗಳ ಪಟ್ಟಿ ಇಡೋ ಜಾಗ) ಸಿಂಕ್ ಆಗಿ ಬರೋ ಗ್ರೂಪ್‌ಗಳನ್ನ ಪ್ಯಾಕೇಜ್‌ಗೆ ನೇರವಾಗಿ ಸೇರ್ಸೋಕಾಗಲ್ಲ. ಫೈರ್‌ವಾಲ್ ರೂಲೆಲ್ಲಾ ಆ ಗ್ರೂಪ್ ಮೇಲೇ ನಿಂತಿದ್ರೆ ಕ್ಲೌಡ್ ಗ್ರೂಪ್ ಮಾಡಿ ಆ ಹಳೇ ಡೈರೆಕ್ಟರಿಗೆ ವಾಪಸ್ ಸಿಂಕ್ ಮಾಡೋ ಕೆಲಸ ಬೀಳುತ್ತೆ, ಮೊದಲೇ ಪ್ಲಾನ್ ಮಾಡಿ. ಲೈಸೆನ್ಸೂ ಎಂಟ್ರಾದ ದುಬಾರಿ ಪ್ಲಾನ್‌ಗಳಾದ ಪಿ2 ಇಲ್ಲಾ ಗವರ್ನೆನ್ಸ್ ಬೇಕು, ಸಣ್ಣ ಕಂಪನಿಗೆ ಭಾರಾನೇ.

ಇನ್ನೊಂದು, ಯಾರು ಯಾವಾಗ ಏನು ಮಾಡಿದ್ರು ಅನ್ನೋ ದಾಖಲೆ, ಅಂದ್ರೆ ಆಡಿಟ್ ಲಾಗ್, ಎಂಟ್ರಾದಲ್ಲಿ 30 ದಿನ ಅಷ್ಟೇ ಇರೋದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ನ 180 ದಿನ ಇಟ್ಕೋಬೇಕು. ಹಾಗಾಗಿ ಮೊದಲ ದಿನಾನೇ ಬೇರೆ ಸ್ಟೋರೇಜ್‌ಗೆ ಕಳ್ಸೋ ಹಾಗೆ ಸೆಟ್ ಮಾಡ್ಸಿ, ಅದರ ಬಿಲ್ಲನ್ನೂ ಬಜೆಟ್ ಕೇಳುವಾಗ್ಲೇ ಸೇರ್ಸ್ಕೊಳ್ಳಿ, ಆಮೇಲೆ ಕೇಳಿದ್ರೆ ಫೈನಾನ್ಸ್‌ನವ್ರು ಕೊಡಲ್ಲ.