ನ್ಯೂರೋಸರ್ಜನ್ ಇಲ್ಲದ ಕೋಲಾರದ ಒಂದು ಐಸಿಯು: 5ಕ್ಕೆ 4 ಸ್ಟಾರ್

ನಮ್ಮ ಚಿಕ್ಕಪ್ಪನ ಮಗ ಬೈಕಿನಿಂದ ಬಿದ್ದು ತಲೆಗೆ ಜೋರು ಪೆಟ್ಟಾಗಿತ್ತು. ಹೆಲ್ಮೆಟ್ ಟ್ಯಾಂಕಿನ ಮೇಲಿತ್ತಂತೆ, ಬಿಡಿ. ‘ನಮ್ಮಲ್ಲಿ ನ್ಯೂರೋಸರ್ಜನ್ ಇಲ್ಲ’ ಅಂತ ಡಾಕ್ಟರ್ ಮೊದಲೇ ಹೇಳಿದರು, ಅದು ಹಿಡಿಸಿತು. ನಾವೆಲ್ಲ ಸೀದಾ ನಿಮ್ಹಾನ್ಸ್‌ಗೆ ಓಡೋಣ ಅಂತ ಹಟ ಹಿಡಿದರೆ, ‘ಉಸಿರು, ಬಿಪಿ ಹತೋಟಿಗೆ ತರದೆ ಹೊರಟರೆ ದಾರಿಯಲ್ಲೇ ಕಷ್ಟ, ಸ್ವಲ್ಪ ತಾಳಿ ಅಣ್ಣ’ ಅಂದರು. ರೋಗಿಗೆ ಎಷ್ಟು ಎಚ್ಚರ ಇದೆ ಅಂತ ಅಳೆಯುವ ಜಿಸಿಎಸ್ ಅಂಕ 15ಕ್ಕೆ 7 ಇತ್ತು. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹಾಕುತ್ತಾರೆ.

ಸಿಟಿ ಸ್ಕ್ಯಾನ್ ಚಿತ್ರಗಳನ್ನು ಬೆಂಗಳೂರಿನ ನ್ಯೂರೋಸರ್ಜನ್‌ಗೆ ವಾಟ್ಸಾಪ್ ಮಾಡಿದರು. ಆಪರೇಷನ್ ಮಾಡಿ ತೆಗೆಯುವಂಥ ರಕ್ತಗಡ್ಡೆ ಇಲ್ಲ, ಬಾವು ಇದೆ, ಅಲ್ಲೇ ನೋಡಿಕೊಳ್ಳಿ, ಹೆಚ್ಚುಕಮ್ಮಿಯಾದರೆ ತಕ್ಷಣ ಕಳಿಸಿ ಅಂತ ಉತ್ತರ ಬಂತು.

ಆಮೇಲೆ ನರ್ಸ್‌ಗಳ ಕೆಲಸ ನೋಡಬೇಕಿತ್ತು! ಮಂಚದ ತಲೆಭಾಗ 30 ಡಿಗ್ರಿ ಎತ್ತರ, ಕುತ್ತಿಗೆ ನೆಟ್ಟಗೆ, ಗಂಟೆಗೊಮ್ಮೆ ಟಾರ್ಚ್ ಬಿಟ್ಟು ಎರಡೂ ಕಣ್ಣಿನ ಪಾಪೆ ಒಂದೇ ಅಳತೆಗಿವೆಯಾ ಅಂತ ನೋಡಿ ಬರೆದುಕೊಳ್ಳುತ್ತಿದ್ದರು. ಬಾವು ಇಳಿಸಲು ಮ್ಯಾನಿಟಾಲ್, ಜೊತೆಗೆ ಸೋಡಿಯಂ ಪರೀಕ್ಷೆ. ನಮ್ಮ ಮಾವ ಸ್ಟೀರಾಯ್ಡ್ ಕೊಡಿ ಅಂತ ಪಟ್ಟು ಹಿಡಿದರು. ಡಾಕ್ಟರ್ ಸುತರಾಂ ಒಪ್ಪಲಿಲ್ಲ. ತಲೆಗೆ ಪೆಟ್ಟಾದವರ ಮೇಲೆ ನಡೆದ 2004ರ ‘ಕ್ರ್ಯಾಶ್’ ಅನ್ನೋ ಅಧ್ಯಯನದಲ್ಲಿ ಸ್ಟೀರಾಯ್ಡ್ ಕೊಟ್ಟವರಲ್ಲೇ ಸಾವು ಜಾಸ್ತಿಯಾಗಿತ್ತಲ್ವಾ, ಅದಕ್ಕೆ.

ಒಂದು ಸ್ಟಾರ್ ಕಿತ್ತಿದ್ದು ಯಾಕೆ? ರಾತ್ರಿ ಮತ್ತೆ ಸ್ಕ್ಯಾನ್ ಬೇಕಾದಾಗ ಟೆಕ್ನಿಷಿಯನ್‌ನನ್ನು ಮನೆಯಿಂದ ಕರೆಸಬೇಕಾಯಿತು. ಇಂಥ ಕೇಸು ಇಟ್ಟುಕೊಂಡಾಗ ಅದು ನಡೆಯಲ್ಲ. ಹೊರಗೆ ಕಾಯುವವರಿಗೆ ಕುರ್ಚಿಯೂ ಸಾಲದು.